ಕಿರುತೆರೆಯ ಮನೆ ಮತ್ತು ಮಾರುಕಟ್ಟೆ

ಯಾವುದೇ ನಾಟಕವು ತನ್ನ ಸಮಾಜವನ್ನು ಎಷ್ಟರಮಟ್ಟಿಗೆ ಅರಿತಿದೆಯೆಂದು ತಿಳಿಯಲು, ಅದರ ಪಾತ್ರಗಳ ಕೈಗೆ ಹಣವು ಎಲ್ಲಿಂದ ಬರುತ್ತದೆಂಬುದನ್ನು ಗಮನಿಸಬೇಕು. ದೂರದರ್ಶನದ ಧಾರಾವಾಹಿಗಳಿಗೂ ಈ ಮಾತು ಸಲ್ಲುತ್ತದೆ.

1984ರ ಜುಲೈ 7ರಂದು ಆರಂಭವಾದ ಹಿಂದಿ ಧಾರಾವಾಹಿ 'ಹಮ್ ಲೋಗ್' ಅನ್ನು ನೆನೆಯೋಣ. ಮನೋಹರ ಶ್ಯಾಮ ಜೋಶಿಯವರು ಬರೆದ ಆ ಕಥೆಯಲ್ಲಿ ತಂದೆ ಬಸೇಸರ್ ಕುಡುಕ. ಹಿರಿಯ ಮಗ ಲಲ್ಲೂ ಕೆಲಸಕ್ಕಾಗಿ ಅಲೆಯುವವನು. ಮಝಲೀಗೆ ಚಿತ್ರನಟಿಯಾಗುವ ಕನಸು, ಛುಟಕೀಗೆ ವೈದ್ಯೆಯಾಗುವ ಹಂಬಲ. ದುಡ್ಡಿನ ಅಭಾವವು ಈ ಆಸೆಗಳನ್ನು ಹೇಗೆ ಹಿಂಡುತ್ತದೆಂಬುದನ್ನು ನೋಡುಗರು ಕಂಡರು. ಸಂಚಿಕೆಯ ಕೊನೆಗೆ ಅಶೋಕ್ ಕುಮಾರ್ ಅವರು ಕಾಣಿಸಿಕೊಂಡು ಮನೆಯ ಹಿರಿಯರಂತೆ ನಾಲ್ಕು ಹಿತವಚನಗಳನ್ನಾಡುತ್ತಿದ್ದರು.

ಆದರೆ ಆ ಬಡಕುಟುಂಬದ ಕಥೆಗೆ ಪ್ರಾಯೋಜಕವಾಗಿದ್ದುದು ಆಗಷ್ಟೇ ನಮ್ಮ ಪೇಟೆಗೆ ಕಾಲಿಟ್ಟಿದ್ದ ಮ್ಯಾಗಿ ನೂಡಲ್ಸ್. ಚಿಕ್ಕ ಸಂಸಾರದ ಹಿತವನ್ನು ಸಾರಲೆಂದು ರೂಪುಗೊಂಡ ನಾಟಕವು ಉದ್ಯಮಿಗಳಿಗೆ ಬೇರೊಂದು ಪಾಠವನ್ನು ಕಲಿಸಿತು: ಕಥೆಗಾಗಿ ಕಾದು ಕುಳಿತವರ ಗಮನವೂ ವಿಕ್ರಯದ ವಸ್ತುವಾಗಬಲ್ಲುದು. ಅಂದು ಕಥೆಯು ಅಭಾವವನ್ನು ತೋರಿಸಿತು, ಜಾಹೀರಾತು ವಸ್ತುವನ್ನು ತೋರಿಸಿತು. ಎರಡರ ನಡುವಣ ಗೆರೆಯಾದರೂ ಕಾಣುತ್ತಿತ್ತು. 1986ರ 'ನುಕ್ಕಡ್' ಕೂಡ ಬೀದಿಮೂಲೆಯ ದುಡಿಮೆಗಾರರನ್ನು ಅವರವರ ಕಸುಬಿನ ಸಮೇತ ತೆರೆಗೆ ತಂದಿತು.

ಮುಂದೆ ಖಾಸಗಿ ವಾಹಿನಿಗಳ ಕಾಲದಲ್ಲಿ ಆ ಗೆರೆಯು ಮಸುಕಾಯಿತು. 2000ದಿಂದ 2008ರವರೆಗೆ ಪ್ರಸಾರವಾದ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ'ಯ ವಿರಾನಿ ಕುಟುಂಬವು ವ್ಯಾಪಾರಸ್ಥರದು. ಅಲ್ಲಿ ಆಸ್ತಿಯ ಕಲಹವುಂಟು, ಅಧಿಕಾರದ ಸೆಣಸಾಟವುಂಟು. ಆದರೆ ಆ ಸಂಪತ್ತಿನ ಹಿಂದೆ ಬೆವರು ಸುರಿಸಿದವರ ಬದುಕು ಕಥೆಯ ತಿರುಳಾಗಲಿಲ್ಲ. ಒಡವೆ, ಸೀರೆ, ವಿಶಾಲವಾದ ಹಜಾರಗಳು ಮಾತ್ರ ಕಣ್ಣು ತುಂಬಿದವು. ಧಾರಾವಾಹಿಯ ಮನೆಯೇ ಅಂಗಡಿಯ ಗಾಜಿನ ಕಪಾಟಾಯಿತು. ಬಂಡವಾಳಶಾಹಿಯನ್ನು ಹೊಗಳುವ ಒಂದು ಮಾತನ್ನೂ ಆಡದೆ, ಸಿರಿಯು ಗಾಳಿಬೆಳಕಿನಂತೆ ತಾನಾಗಿ ಒದಗುವುದೆಂಬ ಭಾವನೆಯನ್ನು ಇಂಥ ನಾಟಕಗಳು ಬೇರೂರಿಸುತ್ತವೆ.

ಇದರಿಂದಾಗುವ ಹಾನಿ ಸಣ್ಣದಲ್ಲ. ಎರಡು ಕೋಣೆಯ ಮನೆಯಲ್ಲಿ ಕುಳಿತ ಗೃಹಿಣಿಯು ತನ್ನ ಅಡುಗೆಮನೆಯನ್ನು ತೆರೆಯ ಮೇಲಿನ ಹಜಾರದೊಂದಿಗೆ ಹೋಲಿಸಿ ಕುಗ್ಗುತ್ತಾಳೆ. ಬಸೇಸರನ ಮನೆಯಲ್ಲಿ ಬಡತನವು ಸಮಾಜವೆಲ್ಲ ಉತ್ತರಿಸಬೇಕಾದ ಪ್ರಶ್ನೆಯಾಗಿತ್ತು. ಇಲ್ಲಿ ಅದು ಒಬ್ಬಳ ನಾಚಿಕೆಯಾಗಿ ಉಳಿಯುತ್ತದೆ. ಕೊಳ್ಳುಬಾಕತನವು ಮೊಳೆಯುವುದು ಈ ನಾಚಿಕೆಯಲ್ಲಿಯೇ.

ಧಾರಾವಾಹಿಯನ್ನು ನೋಡಬಾರದೆಂದು ನಾನು ಹೇಳಲಾರೆ; ಕಥೆಯ ಹಸಿವು ಮನುಷ್ಯನಿಗೆ ಸಹಜವಾದುದು. ನೋಡುವಾಗ, ಈ ಮನೆಯ ದೀಪಕ್ಕೆ ಎಣ್ಣೆ ಯಾರದೆಂದು ಒಮ್ಮೆ ಕೇಳಿಕೊಂಡರೆ ಸಾಕು.