ಹೃದಯಧಮನಿಯ ಸುಣ್ಣದ ಲೆಕ್ಕ

ಎದೆನೋವಿಲ್ಲದಿದ್ದರೂ ಕೊಲೆಸ್ಟರಾಲ್ ತುಸು ಹೆಚ್ಚಿರುವ ನಡುವಯಸ್ಸಿನ ಗೃಹಸ್ಥರು ನಿತ್ಯವೂ ಔಷಧ ಸೇವಿಸಬೇಕೆ? ಈ ಸಂದೇಹದ ನಿವಾರಣೆಗೆ ಸಿ.ಟಿ. ಸ್ಕ್ಯಾನ್ ನೆರವಾಗಬಲ್ಲುದು. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ಗೋಡೆಯಲ್ಲಿ ಮೇದಸ್ಸು ಸೇರಿ, ಕಾಲಕ್ರಮದಲ್ಲಿ ಅದರೊಳಗೆ ಕ್ಯಾಲ್ಸಿಯಂ, ಎಂದರೆ ಸುಣ್ಣದಂಶ, ನೆಲೆಗೊಳ್ಳುವುದು. ಅದನ್ನು ಅಂಕಗಳಲ್ಲಿ ಅಳೆಯುವ ಕ್ರಮವನ್ನು 1990ರಲ್ಲಿ ಅಮೆರಿಕದ ವೈದ್ಯ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಸೂಜಿ ಚುಚ್ಚುವುದಿಲ್ಲ, ಕೆಲವು ಕ್ಷಣ ಉಸಿರು ಬಿಗಿಹಿಡಿದರೆ ಸಾಕು.

ಅಂಕವು ಸೊನ್ನೆಯಾದರೆ ಮುಂದಿನ ಕೆಲವು ವರ್ಷ ಹೃದಯಾಘಾತದ ಭಯ ಅಲ್ಪ. 100 ಮುಟ್ಟಿದರೆ ವೈದ್ಯರು ಸಾಮಾನ್ಯವಾಗಿ ಔಷಧವನ್ನು ವಿಧಿಸುವರು. ಆದರೆ ಸುಣ್ಣಗಟ್ಟದ ಮೆದು ಮೇದಸ್ಸು ಈ ಚಿತ್ರದಲ್ಲಿ ಕಾಣದು. ಆದುದರಿಂದ ಧೂಮಪಾನಿಗಳೂ ಮಧುಮೇಹಿಗಳೂ ಸೊನ್ನೆಯನ್ನು ನಂಬಿ ಮೈಮರೆಯಬಾರದು. ಎದೆನೋವು ಬಂದವರಾದರೋ ಅಂಕಕ್ಕೆ ಕಾಯದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದೆಂದು ನಾವು ಒತ್ತಿ ಹೇಳುತ್ತೇವೆ.