ಸೋರಿದ್ದನ್ನು ಒಳಗೆ ಎಳೆದುಕೊಳ್ಳುವ ತುಟಿ

ಆಯಿಲ್ ಸೀಲ್ ಎಂದರೆ ಎಣ್ಣೆಗೆ ಅಡ್ಡ ಕಟ್ಟಿದ ಗೋಡೆ ಅಂದುಕೊಂಡಿದ್ದೀರಾ? ಖಂಡಿತ ಅಲ್ಲ! ಅದು ಎಣ್ಣೆಯನ್ನು ತನ್ನ ಅಡಿಗೆ ನುಸುಳಲು ಬಿಡುತ್ತದೆ, ನುಸುಳಿದ್ದನ್ನು ಮರುಕ್ಷಣವೇ ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಇದೇ ಕಸುಬು. ಒಂದು ರಬ್ಬರ್ ಉಂಗುರ, ಕೂತಲ್ಲೇ ಕೂತು, ಪಂಪಿನ ಕೆಲಸ ಮಾಡುತ್ತದೆ!

ಈ ಗುಟ್ಟು ಬಿಚ್ಚಿಕೊಂಡಿದ್ದು ಹಳೆಯ ಇಂಡಿಕಾ ಡೀಸೆಲ್ ಒಂದರ ಅಡಿಯಲ್ಲಿ. 1998ರಲ್ಲಿ ಬಂದ ಮಾದರಿ. ಟ್ಯಾಕ್ಸಿಯಾಗಿ ದುಡಿದು ಹಣ್ಣಾದ ಗಾಡಿ. ಆ ವಯಸ್ಸಿಗೆ ಯಾವ ಕಾರಿನ ಸೀಲೂ ಬಿರುಸಾಗುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿನಿಂದ ಕಪ್ಪು ಹನಿ ಇಳಿಯುತ್ತಿತ್ತು. ಮೇಸ್ತ್ರಿ ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿದರು. ಗೇರ್ ಆಯಿಲ್ ಆಗಿದ್ದರೆ ಗಂಧಕದ ಘಾಟು ಮೂಗಿಗೆ ಹೊಡೆಯಬೇಕು. ಘಾಟಿಲ್ಲ, ಮಸಿ ಮಾತ್ರ ಇದೆ. ಅಂದರೆ ಎಂಜಿನ್ ಆಯಿಲ್ಲೇ. ಆದರೂ ಅವರು ತೀರ್ಪು ಕೊಡಲಿಲ್ಲ. ಎಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿ, ಸ್ವಲ್ಪ ಓಡಿಸಿ, ಮತ್ತೆ ಟಾರ್ಚ್ ಹಿಡಿದರು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದ್ದರೂ ಎಣ್ಣೆ ಗೋಡೆಗುಂಟ ಇಳಿದು ಇದೇ ಜಾಗದಲ್ಲಿ ತೊಟ್ಟಿಕ್ಕುತ್ತದಂತೆ.

“ಕ್ರ್ಯಾಂಕ್ ಸೀಲೇ ಸರ್. ಸೀಲಿನ ರೇಟು ಏನೂ ಇಲ್ಲ, ಗೇರ್‌ಬಾಕ್ಸ್ ಇಳಿಸೋದೇ ಕೆಲಸ.”

ಎಂಥ ಕೆಲಸ! ಡ್ರೈವ್ ಶಾಫ್ಟ್, ಗೇರ್‌ಬಾಕ್ಸ್, ಪ್ರೆಶರ್ ಪ್ಲೇಟ್, ಕ್ಲಚ್ ಪ್ಲೇಟ್, ಕೊನೆಗೆ ಫ್ಲೈವ್ಹೀಲ್. ಇಷ್ಟೂ ಕೆಳಗಿಳಿದ ಮೇಲೆ ಕಾಣುವುದು ಬಳೆಯಷ್ಟು ದೊಡ್ಡ ಒಂದು ಉಂಗುರ.

ಜೆ.ಸಿ. ರಸ್ತೆಯ ಅಂಗಡಿಯಿಂದ ಬಂದ ಹೊಸ ಸೀಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಹೊರಗೆ ಗಟ್ಟಿ ಅಂಚು, ಒಳಗೆ ಮೆತ್ತನೆಯ ತುಟಿ, ತುಟಿಯ ಹಿಂದೆ ಉಗುರಿನಿಂದ ಎಬ್ಬಿಸಬಹುದಾದಷ್ಟು ಸಣ್ಣ ಸ್ಪ್ರಿಂಗು. ಬೆಳಕಿಗೆ ಓರೆಯಾಗಿ ಹಿಡಿದರೆ ತುಟಿಗೆ ಎರಡು ಇಳಿಜಾರು ಕಾಣುತ್ತವೆ: ಎಣ್ಣೆಯ ಕಡೆ ಕಡಿದಾಗಿದೆ, ಹೊರಗಿನ ಕಡೆ ಓರೆ ಕಡಿಮೆ. ಗುಟ್ಟೆಲ್ಲ ಈ ಅಸಮದಲ್ಲಿದೆ! ಶಾಫ್ಟ್ ತಿರುಗಿದಾಗ ತುಟಿಯ ಮೈಮೇಲಿನ ಕಣ್ಣಿಗೆ ಕಾಣದ ಉಬ್ಬುಗಳು ಒಂದೇ ಕಡೆಗೆ ವಾಲಿ, ಎಣ್ಣೆಯನ್ನು ಒಳಕ್ಕೆ ದಬ್ಬುತ್ತವೆ. ತಿರುಗುತ್ತಿರುವ ಒಳ್ಳೆಯ ಸೀಲಿನ ಹೊರಗಡೆ ಒಂದಿಷ್ಟು ಎಣ್ಣೆ ಹಾಕಿ ನೋಡಿ, ಹೀರಿಕೊಂಡುಬಿಡುತ್ತದೆ. ಅದನ್ನೇ ಹಿಂದುಮುಂದಾಗಿ ಕೂರಿಸಿದರೆ ಅಷ್ಟೇ ನಿಷ್ಠೆಯಿಂದ ಎಂಜಿನ್ನಿನ ಎಣ್ಣೆಯನ್ನು ರಸ್ತೆಗೆ ಸುರಿಯುತ್ತದೆ!

ತುಟಿ ಶಾಫ್ಟಿಗೆ ತಾಗಿಯೂ ತಾಗದಂತೆ, ಸುಮಾರು ಒಂದು ಮೈಕ್ರಾನ್ ದಪ್ಪದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಇಂಗ್ಲೆಂಡಿನ ಇ.ಟಿ. ಜಾಗರ್ 1957ರಲ್ಲೇ ಈ ಪದರದ ಬಗ್ಗೆ ಪ್ರಬಂಧ ಬರೆದಿದ್ದಾರೆ. ಲೆಕ್ಕ ಹಾಕಿ: 80 ಮಿ.ಮೀ. ಅಡ್ಡಳತೆಯ ಶಾಫ್ಟ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಮೈ ಗಂಟೆಗೆ 45 ಕಿ.ಮೀ. ವೇಗದಲ್ಲಿ ತುಟಿಯನ್ನು ಸವರಿಕೊಂಡು ಹೋಗುತ್ತದೆ. ವರ್ಷಗಟ್ಟಲೆ! ಇದರ ಪೂರ್ವಜನಾದರೋ ಚರ್ಮದ್ದು. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ 1849ರಿಂದ ಚರ್ಮ ಹದ ಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಕಂಪನಿಯಲ್ಲಿ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರ್ ರೂಪಿಸಿದ ಸೀಲು ಇವತ್ತಿಗೂ ಅವರ ಹೆಸರಿನಲ್ಲೇ ಮಾರಾಟವಾಗುತ್ತದೆ.

ಹಳೆಯ ಸೀಲನ್ನು ಮೀಟಿ ತೆಗೆದ ಮೇಲೆ ಇನ್ನೊಂದು ಸೋಜಿಗ. ಶಾಫ್ಟಿನ ಮೇಲೆ ಉಗುರು ಎಳೆದರೆ ಒಂದು ಗೆರೆಗೆ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ರಬ್ಬರ್ ಉಕ್ಕನ್ನು ಕೊರೆದಿದೆ! ತುಟಿಯಲ್ಲಿ ಸಿಕ್ಕಿಬಿದ್ದ ದೂಳಿನ ಕಣಗಳ ಕರಾಮತ್ತು ಇದು. ಎಮರಿ ಪೇಪರ್ ಹಾಕಿ ತಿಕ್ಕಿಬಿಡೋಣ ಎಂಬ ಆಸೆ ಬರುತ್ತದೆ, ಬೇಡ. ಓರೆಯಾಗಿ ಬಿದ್ದ ಗೀರುಗಳು ಸ್ಕ್ರೂವಿನ ಮರೆಯಾಗಿ ಎಣ್ಣೆಯನ್ನು ಹೊರಗೆ ಸಾಗಿಸುತ್ತವೆ. ಮೈ ತೀರಾ ನುಣುಪಾದರೂ ಎಣ್ಣೆಯ ಪದರ ನಿಲ್ಲುವುದಿಲ್ಲ. ಜಾಗವಿದ್ದರೆ ಹೊಸ ಸೀಲನ್ನು ತುಸು ಹಿಂದೆಯೋ ಮುಂದೆಯೋ ಕೂರಿಸಿ ತುಟಿಗೆ ಹೊಸ ಮೈ ಒದಗಿಸುತ್ತಾರೆ. ಇಲ್ಲದಿದ್ದರೆ ಗೆರೆಯ ಮೇಲೆ 0.28 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತೋಳು ತೊಡಿಸುವುದೂ ಉಂಟು.

ಮೇಸ್ತ್ರಿ ಗಾಡಿಯನ್ನು ಬಿಚ್ಚುವ ಮೊದಲೇ ಆಯಿಲ್ ಮುಚ್ಚಳ ತೆಗೆದು, ಎಂಜಿನ್ ಓಡಿಸಿ, ಹೊಗೆ ಉಗಿಯುತ್ತದೆಯೇ ಎಂದು ನೋಡಿದ್ದರು. “ಬ್ಯಾಕ್ ಕಂಪ್ರೆಶನ್ ಇದ್ರೆ ಎಂಥಾ ಸೀಲ್ ಹಾಕಿದ್ರೂ ನಿಲ್ಲಲ್ಲ ಸರ್.” ರಿಂಗು ಸವೆದ ಡೀಸೆಲ್ ಎಂಜಿನ್ನಿನಲ್ಲಿ ಉರಿದ ಗಾಳಿ ಕೆಳಗಿಳಿಯುತ್ತದೆ. ಬ್ರೀದರ್ ಪೈಪು ಕಟ್ಟಿಕೊಂಡಿದ್ದರಂತೂ ಆ ಒತ್ತಡಕ್ಕೆ ಸೀಲಿನ ತುಟಿಯೇ ಬಾಗಿಲು. ಹಾಗಾಗಿ ಪೈಪು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದದ್ದೂ ಆಯಿತು.

ತುಟಿಗೆ ಎಣ್ಣೆ ಸವರಿ, ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತ ಸೀಲನ್ನು ಸಮವಾಗಿ ಕೂರಿಸಿದರು. ಟೆಫ್ಲಾನ್ ತುಟಿಯ ಹೊಸ ಬಗೆಯ ಸೀಲುಗಳದು ತದ್ವಿರುದ್ಧ ನೇಮ, ಅವನ್ನು ಒಣಗಿದ್ದಂತೆಯೇ ಹಾಕಬೇಕು, ಹನಿ ಎಣ್ಣೆಯೂ ಕೂಡದು. ಇನ್ನು ಫ್ಲೈವ್ಹೀಲ್ ಬೋಲ್ಟುಗಳು. ಕೆಲವು ಎಂಜಿನ್ನುಗಳಲ್ಲಿ ಆ ತೂತುಗಳು ನೇರ ಎಣ್ಣೆಯ ಕೋಣೆಗೇ ತೆರೆದುಕೊಂಡಿರುತ್ತವೆ! ಬೋಲ್ಟಿನ ಮರೆಗೆ ಸೀಲೆಂಟ್ ಹಚ್ಚದಿದ್ದರೆ ಎಣ್ಣೆ ಮರೆಗುಂಟ ಇಳಿದು ಹೊಸ ಕ್ಲಚ್ ಪ್ಲೇಟ್ ಸೇರುತ್ತದೆ, ಬೈಗುಳ ಮಾತ್ರ ಸೀಲಿಗೆ.