ಬಯಲುಸೀಮೆಯ ಹೊಲಕ್ಕೆ ಹೊಸ ಕಡಲೆಕಾಯಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕೆಂಪು ಮಣ್ಣಿನ ಖುಷ್ಕಿ ಹೊಲಗಳಲ್ಲಿ ರಾಗಿಯ ಜೊತೆಜೊತೆಗೇ ಬೆಳೆದು ಬಂದ ಬೆಳೆ ಕಡಲೆಕಾಯಿ. ಮುಂಗಾರು ಹದವಾದರೆ ಜೂನ್ ಕೊನೆಯಿಂದ ಜುಲೈವರೆಗೆ ಬಿತ್ತನೆ, ಅಕ್ಕಡಿ ಸಾಲಿನಲ್ಲಿ ತೊಗರಿ ಇಲ್ಲವೆ ಅವರೆ, ಅಕ್ಟೋಬರ್ ಹೊತ್ತಿಗೆ ಗಿಡ ಕೀಳುವ ಕೆಲಸ. ಕಾಯಿ ಕಾಸು ತಂದರೆ ಒಣಗಿದ ಬಳ್ಳಿ ಹಸುಗಳಿಗೆ ಮೇವಾಗುತ್ತದೆ. ಕೊಳವೆಬಾವಿ ಬಂದ ಮೇಲೆ ಇದೇ ಹೊಲಗಳು ಹಿಪ್ಪುನೇರಳೆ, ದ್ರಾಕ್ಷಿ, ಟೊಮೆಟೊ, ಹೂವಿನ ಬೆಳೆಗಳತ್ತ ತಿರುಗಿದವು. ನೀರಾವರಿ ಇಲ್ಲದ ಹೊಲದಲ್ಲಿ ಮಾತ್ರ ರಾಗಿ, ಕಡಲೆಕಾಯಿಗಳೇ ಇಂದಿಗೂ ಆಸರೆ. ಅಂಥ ಹೊಲದ ರೈತನಿಗೆ ಒಳ್ಳೆಯ ತಳಿಗಿಂತ ಅಗ್ಗದ ಸಹಾಯ ಮತ್ತೊಂದಿಲ್ಲ. ಔಷಧಿ ಸಿಂಪಡಿಸಲು ಪ್ರತಿ ವರ್ಷ ದುಡ್ಡು ಬೇಕು. ರೋಗ ತಡೆಯುವ ಗುಣವಾದರೋ ಬೀಜದೊಳಗೇ ಬರುತ್ತದೆ.

ಈ ಭಾಗದಲ್ಲಿ ದಶಕಗಳ ಕಾಲ ರಾಜ್ಯವಾಳಿದ ತಳಿ ಟಿಎಂವಿ-2. ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಲ್ಲಿ, ಗುಡಿಯಾತ್ತಂ ಕಡೆಯ ಗೊಂಚಲು ಕಡಲೆಕಾಯಿಯಿಂದ ಉತ್ತಮ ಗಿಡಗಳನ್ನು ಆರಿಸಿ ರೂಪಿಸಿದ ಈ ತಳಿ 1940ರಲ್ಲಿ ಬಿಡುಗಡೆಯಾಯಿತು. ಎಂಬತ್ತು ವರ್ಷ ದಾಟಿದರೂ ಅದು ಹೊಲ ಬಿಟ್ಟು ಹೋಗಿಲ್ಲ. ಅದಕ್ಕೆ ಕಾರಣವೂ ಇದೆ. ನೂರೈದು, ನೂರಹತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕಾಯಿಗಳು ಬುಡದಲ್ಲೇ ಗೊಂಚಲಾಗಿ ಕೂರುವುದರಿಂದ ಕೀಳುವುದು ಸುಲಭ. ಸಿಪ್ಪೆ ತೆಳು, ರುಚಿ ಎಲ್ಲರಿಗೂ ಒಗ್ಗಿದ್ದು. ಮಳೆ ಹೆಚ್ಚುಕಡಿಮೆಯಾದರೂ ಏನೋ ಒಂದಿಷ್ಟು ಕೈಗೆ ಸಿಗುತ್ತದೆ ಎಂಬ ನಂಬಿಕೆ ರೈತರಲ್ಲಿ ಬೇರೂರಿದೆ. ಅದರ ದೋಷಗಳು ಎರಡು, ಎರಡೂ ಈ ಸೀಮೆಗೆ ದುಬಾರಿ. ಎಲೆಚುಕ್ಕೆ ಮತ್ತು ತುಕ್ಕು ರೋಗಗಳಿಗೆ ಟಿಎಂವಿ-2 ಸುಲಭವಾಗಿ ತುತ್ತಾಗುತ್ತದೆ. ಜೊತೆಗೆ ಅದರ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿ ನೆಲದಲ್ಲಿರುವಾಗಲೇ ಮಳೆ ಹಿಡಿದರೆ ಬೀಜ ಅಲ್ಲೇ ಮೊಳೆಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಜೋರು ಮಳೆಯ ಕಾಲ. ಕಡಲೆಕಾಯಿ ಕೀಳುವುದೂ ಆಗಲೇ.

ರೋಗಗಳನ್ನು ಎಲೆಯಲ್ಲೇ ಗುರುತಿಸಬಹುದು. ಬಿತ್ತಿದ ಒಂದು ತಿಂಗಳ ಹೊತ್ತಿಗೆ ಎಲೆಯ ಮೇಲ್ಭಾಗದಲ್ಲಿ ಹಳದಿ ಅಂಚಿನ ಕಂದು ಚುಕ್ಕೆ ಕಂಡರೆ ಅದು ಮುಂಚಿನ ಎಲೆಚುಕ್ಕೆ. ಎರಡು ತಿಂಗಳು ಸಮೀಪಿಸಿದಾಗ ಎಲೆಯನ್ನು ಮಗುಚಿ ನೋಡಿದರೆ ಕಾಡಿಗೆಯಷ್ಟು ಕಪ್ಪಾದ ದುಂಡು ಚುಕ್ಕೆಗಳು ಕಾಣಬಹುದು. ಅದು ತಡವಾದ ಎಲೆಚುಕ್ಕೆ, ಇವೆರಡರಲ್ಲಿ ಹೆಚ್ಚು ಹಾನಿಕರ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಬೊಕ್ಕೆಗಳೆದ್ದು, ಮುಟ್ಟಿದರೆ ಬೆರಳಿಗೆ ಪುಡಿ ಹತ್ತಿದರೆ ಅದು ತುಕ್ಕು ರೋಗ. ಎಲೆಚುಕ್ಕೆ ಬಂದ ಎಲೆ ಉದುರಿ ಹೋಗುತ್ತದೆ. ತುಕ್ಕು ಹಿಡಿದ ಎಲೆ ಒಣಗಿಯೂ ಗಿಡಕ್ಕೇ ಅಂಟಿಕೊಂಡಿರುತ್ತದೆ. ತುಕ್ಕು ರೋಗ ಭಾರತದಲ್ಲಿ ವ್ಯಾಪಕವಾಗಿ ಹರಡಿದ್ದು 1970ರ ದಶಕದಿಂದ ಈಚೆಗೆ. ಟಿಎಂವಿ-2 ಹುಟ್ಟಿದ ಕಾಲದಲ್ಲಿ ಅದೊಂದು ಲೆಕ್ಕಕ್ಕೇ ಇರಲಿಲ್ಲ. ಕಾಯಿ ತುಂಬುವ ಹೊತ್ತಿನಲ್ಲಿ ಎಲೆ ಕಳೆದುಕೊಂಡ ಗಿಡ ಬೀಜಕ್ಕೆ ಊಟ ಕಳಿಸಲಾರದು. ಎಲೆಚುಕ್ಕೆ ಮತ್ತು ತುಕ್ಕು ಒಟ್ಟಿಗೇ ಬಂದರೆ ಅರ್ಧಕ್ಕಿಂತ ಹೆಚ್ಚು ಇಳುವರಿ ಹೋಗಬಹುದು, ಮೇವೂ ಕೆಡುತ್ತದೆ.

ಹೊಸ ತಳಿ ಮಾಡುವ ಕೆಲಸ ಕಡಲೆಕಾಯಿಯಲ್ಲಿ ವಿಶೇಷವಾಗಿ ಕಷ್ಟ. ಅದರ ಹೂವು ತನ್ನ ಪರಾಗದಿಂದಲೇ ತಾನು ಫಲಿಸುತ್ತದೆ. ಬೆಳಗಿನ ಜಾವ ಅರಳುವ ಹೊತ್ತಿಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಹಾಗಾಗಿ ಎರಡು ತಳಿಗಳನ್ನು ಸಂಕರ ಮಾಡಬೇಕಾದರೆ ಹಿಂದಿನ ಸಂಜೆಯೇ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ಒಂದೂ ಬಿಡದಂತೆ ತೆಗೆಯಬೇಕು. ಮೊಗ್ಗು ಬೆರಳ ಉಗುರಿಗಿಂತ ಚಿಕ್ಕದು, ಶಲಾಕೆಗೆ ಪೆಟ್ಟಾದರೆ ಕೆಲಸ ಕೆಟ್ಟಿತು. ಮರುದಿನ ಬೆಳಿಗ್ಗೆ ತಂದೆ ತಳಿಯ ಹೂವಿನ ಪರಾಗವನ್ನು ಶಲಾಕೆಯ ತುದಿಗೆ ಸವರಿ, ಆ ಹೂವಿನ ಬುಡಕ್ಕೆ ಬಣ್ಣದ ದಾರ ಕಟ್ಟಬೇಕು. ಕೆಲವು ದಿನಗಳಲ್ಲಿ ಅಲ್ಲಿಂದ ಸೂಜಿಯಂಥ ದಂಟು ಹೊರಟು ಮಣ್ಣಿಗಿಳಿದು ತುದಿಯಲ್ಲಿ ಕಾಯಿ ಕಟ್ಟುತ್ತದೆ. ದಾರವಿಲ್ಲದಿದ್ದರೆ ಯಾವುದು ಸಂಕರದ ಕಾಯಿ, ಯಾವುದು ಗಿಡದ ಸ್ವಂತ ಕಾಯಿ ಎಂದು ಹೇಳುವವರಿಲ್ಲ. ಇಷ್ಟು ಮಾಡಿದರೂ ಒಂದು ಹೂವಿನಿಂದ ದೊರೆಯುವುದು ಒಂದೆರಡು ಬೀಜ.

ಆ ಬೀಜದಿಂದ ಬಂದ ಗಿಡಗಳ ಸಂತಾನದಲ್ಲಿ ಗುಣಗಳು ಚದುರಿಹೋಗುತ್ತವೆ. ಕೆಲವಕ್ಕೆ ತಾಯಿಯ ಕಾಯಿ, ತಂದೆಯ ಎಲೆ. ಕೆಲವಕ್ಕೆ ಎರಡೂ ಕಡೆಯ ದೋಷ. ಐದಾರು ಪೀಳಿಗೆ ಬೆಳೆಸುತ್ತಾ, ಬೇಡದ್ದನ್ನು ತೆಗೆಯುತ್ತಾ ಹೋದ ಮೇಲೆಯೇ ಗುಣ ನಿಲ್ಲುತ್ತದೆ. ರೋಗಪರೀಕ್ಷೆಗೆ ಒಂದು ಕ್ರಮವಿದೆ: ಪರೀಕ್ಷೆಯ ಸಾಲುಗಳ ನಡುನಡುವೆ ರೋಗಕ್ಕೆ ಬೇಗ ತುತ್ತಾಗುವ ತಳಿಯನ್ನು ಬೇಕೆಂದೇ ಬಿತ್ತಿ, ಅದರ ಮೇಲೆ ಶಿಲೀಂಧ್ರದ ಬೀಜಾಣುಗಳನ್ನು ಸಿಂಪಡಿಸಿ ರೋಗ ಎಬ್ಬಿಸಲಾಗುತ್ತದೆ. ಈ ರೋಗದ ಸಾಲಿಗೆ ಹೆಚ್ಚಾಗಿ ಬಳಕೆಯಾಗುವುದು ನಮ್ಮ ಟಿಎಂವಿ-2 ತಳಿಯೇ. ಬಳಿಕ ಪ್ರತಿ ಸಾಲಿಗೂ 1ರಿಂದ 9ರವರೆಗೆ ಅಂಕ; 1 ಎಂದರೆ ರೋಗವಿಲ್ಲ, 9 ಎಂದರೆ ಎಲೆಯೇ ಉಳಿದಿಲ್ಲ. ಇದರಲ್ಲಿ ಗೆದ್ದವು ಇಳುವರಿ ಪರೀಕ್ಷೆಗೆ, ಅಲ್ಲಿಂದ ಹಲವು ಕೇಂದ್ರಗಳ ಸಮನ್ವಯ ಪರೀಕ್ಷೆಗೆ, ಕೊನೆಗೆ ರೈತರ ಹೊಲಕ್ಕೆ. ಮೊದಲ ಸಂಕರದಿಂದ ಬಿಡುಗಡೆಯವರೆಗೆ ಹತ್ತು, ಹನ್ನೆರಡು ವರ್ಷ ಹಿಡಿಯುವುದು ಸಾಮಾನ್ಯ.

ಇದಕ್ಕಿಂತ ದೊಡ್ಡ ತೊಡಕು ಬೆಳೆಯ ಹುಟ್ಟಿನಲ್ಲೇ ಇದೆ. ದಕ್ಷಿಣ ಅಮೆರಿಕದಲ್ಲಿ ಸಾವಿರಾರು ವರ್ಷಗಳ ಹಿಂದೆ ಎರಡು ಕಾಡು ಜಾತಿಗಳು ಕೂಡಿ ಇಂದಿನ ಕಡಲೆಕಾಯಿ ಹುಟ್ಟಿತು. ಕಾಡು ಜಾತಿಗಳಲ್ಲಿ ತಲಾ 20 ವರ್ಣತಂತುಗಳಿದ್ದರೆ ಬೆಳೆಯಲ್ಲಿ 40. ಸಂಖ್ಯೆ ಹೊಂದದ ಕಾರಣ ಅಂದಿನಿಂದ ಕಾಡಿನ ಬಂಧುಗಳ ಜೊತೆ ಬೆರೆಯುವ ದಾರಿ ಮುಚ್ಚಿತು. ಜಗತ್ತಿನ ಕಡಲೆಕಾಯಿ ತಳಿಗಳು ಹೊರಗೆ ಎಷ್ಟೇ ಬೇರೆಯಾಗಿ ಕಂಡರೂ ಒಳಗೆ ಹತ್ತಿರದ ಸಂಬಂಧಿಗಳು; ತಡವಾದ ಎಲೆಚುಕ್ಕೆಗೆ ಗಟ್ಟಿಯಾದ ನಿರೋಧ ಅವುಗಳಲ್ಲಿ ಅಪರೂಪ. ಆ ನಿರೋಧ ಹೇರಳವಾಗಿ ಇದ್ದದ್ದು ಅರಾಕಿಸ್ ಕಾರ್ಡೆನಾಸಿ ಎಂಬ ಬೊಲಿವಿಯಾದ ಕಾಡು ಜಾತಿಯಲ್ಲಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ಲಿಷ್ಟ ಸಂಕರಗಳು ಈ ಕಾಡು ಗುಣವನ್ನು ಬೆಳೆಯೊಳಕ್ಕೆ ತಂದವು. ಕಾಡು ಮತ್ತು ನಾಡು ಕೂಡಿ ಹುಟ್ಟಿದ ಮೊದಲ ಗಿಡ ಬಂಜೆ. ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ ಅದನ್ನು ಫಲ ಬಿಡುವಂತೆ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ ಮತ್ತೆ 40ಕ್ಕೆ ಇಳಿಸಬೇಕಾಯಿತು. ಆ ಸಂತಾನದ ಬೀಜಗಳು ದೇಶದಿಂದ ದೇಶಕ್ಕೆ ಹಂಚಿಕೆಯಾದವು. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಗೂ ಬಂದವು.

ಈ ಕಾಡು ರಕ್ತದ ಸಾಲುಗಳಿಗೆ ರೋಗ ತಟ್ಟುತ್ತಿರಲಿಲ್ಲ, ನಿಜ. ಆದರೆ ಕೊಯ್ಲು ತಡ, ಸಿಪ್ಪೆ ದಪ್ಪ, ಕಾಯಿ ಕಳಪೆ. ರೈತ ಅವನ್ನು ಒಪ್ಪುವಂತಿರಲಿಲ್ಲ. ಈ ಗಂಟನ್ನು ಬಿಡಿಸಿದ್ದು ಕರ್ನಾಟಕವೇ ಎಂಬುದು ಹೆಮ್ಮೆಯ ವಿಷಯ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಎಂ.ವಿ.ಸಿ. ಗೌಡ ಮತ್ತು ಸಂಗಡಿಗರು ಬೇಗ ಕೊಯ್ಲಿಗೆ ಬರುವ ಕೆಆರ್‌ಜಿ-1 ತಳಿಯನ್ನು ಇಕ್ರಿಸ್ಯಾಟ್‌ನ ಕಾಡು ಮೂಲದ ಐಸಿಜಿವಿ 86855 ಸಾಲಿನೊಂದಿಗೆ ಕೂಡಿಸಿ ಜಿಪಿಬಿಡಿ-4 ತಳಿಯನ್ನು ರೂಪಿಸಿದರು. ಅದು ಗೊಂಚಲು ಜಾತಿ, ಟಿಎಂವಿ-2ರಷ್ಟೇ ಅವಧಿ, ಸುಲಿದರೆ ತೂಕದ ಮುಕ್ಕಾಲು ಪಾಲು ಬೀಜ, ಬೀಜದಲ್ಲಿ ಶೇ 48ರ ಆಸುಪಾಸು ಎಣ್ಣೆ. ತುಕ್ಕು ಮತ್ತು ತಡವಾದ ಎಲೆಚುಕ್ಕೆ ಎರಡನ್ನೂ ತಡೆದು, ಕೊಯ್ಲಿನ ದಿನದವರೆಗೂ ಎಲೆಯನ್ನು ಹಸಿರಾಗಿ ಉಳಿಸಿಕೊಳ್ಳುತ್ತದೆ. ಹಾಲಿನ ಹಣದಲ್ಲಿ ಮನೆ ನಡೆಸುವ ಚಿಂತಾಮಣಿ, ಶಿಡ್ಲಘಟ್ಟದ ಕುಟುಂಬಗಳಿಗೆ ಆ ಹಸಿರು ಬಳ್ಳಿಯ ಬೆಲೆ ಕಾಯಿಗಿಂತ ತೀರಾ ಕಡಿಮೆಯಲ್ಲ.

ಜಿಪಿಬಿಡಿ-4ರ ಮಹತ್ವ ಅಲ್ಲಿಗೇ ನಿಲ್ಲಲಿಲ್ಲ. ಅದರ ನಿರೋಧ ಗುಣ ಎ-03 ಎಂಬ ವರ್ಣತಂತುವಿನ ಒಂದು ತುಂಡಿನಲ್ಲಿ ಹೆಚ್ಚಾಗಿ ಅಡಗಿದೆ ಎಂದು ಪತ್ತೆಯಾಯಿತು. ಆ ತುಂಡಿಗೆ ಡಿಎನ್‌ಎ ಗುರುತುಗಳೂ ಸಿಕ್ಕವು. ಇನ್ನು ರೋಗ ಬರುವವರೆಗೆ ಕಾಯಬೇಕಿಲ್ಲ. ಸಸಿಯ ಒಂದು ಎಲೆ ಪರೀಕ್ಷಿಸಿದರೆ ಗುಣ ಇದೆಯೋ ಇಲ್ಲವೋ ತಿಳಿಯುತ್ತದೆ. ಈ ಗುರುತುಗಳ ನೆರವಿನಿಂದ ಇಕ್ರಿಸ್ಯಾಟ್ ವಿಜ್ಞಾನಿಗಳು ಜೆಎಲ್-24, ಟಿಎಜಿ-24, ಐಸಿಜಿವಿ 91114 ತಳಿಗಳಿಗೆ ನಿರೋಧವನ್ನು ಸೇರಿಸಿದರು. ಧಾರವಾಡದಲ್ಲಿ ಟಿಎಂವಿ-2ಕ್ಕೂ ಅದನ್ನು ಕೂಡಿಸುವ ಕೆಲಸ ನಡೆಯಿತು. ಇದು ಕುಲಾಂತರಿ ವಿಧಾನವಲ್ಲ, ಸಾಮಾನ್ಯ ಸಂಕರವೇ. ಆಯ್ಕೆ ಮಾತ್ರ ಪ್ರಯೋಗಾಲಯದಲ್ಲಿ. 2016ರಲ್ಲಿ ಕಡಲೆಕಾಯಿಯ ಎರಡು ಕಾಡು ಮೂಲಗಳ, 2019ರಲ್ಲಿ ಬೆಳೆಯ ಪೂರ್ಣ ವಂಶವಾಹಿ ಓದು ಪ್ರಕಟವಾದ ಮೇಲೆ ಈ ದಾರಿ ಇನ್ನಷ್ಟು ಸಲೀಸಾಯಿತು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಕಡಲೆಕಾಯಿ ತಳಿ ಸಂಶೋಧನೆಯ ನೆಲೆ ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರ. ಅಖಿಲ ಭಾರತ ಸಮನ್ವಯ ಯೋಜನೆಯ ಪರೀಕ್ಷೆಗಳು ಇಲ್ಲಿ ನಡೆಯುತ್ತವೆ. ಕೆಸಿಜಿ-2, ಕೆಸಿಜಿ-6 ತಳಿಗಳು ಇಲ್ಲಿಯ ಮಣ್ಣಿನಲ್ಲಿ ಬೆಳೆದು ಬಂದವು. ಬೆಂಗಳೂರಿನ ಜಿಕೆವಿಕೆ ಆವರಣದಿಂದ ಜಿಕೆವಿಕೆ-5 ಬಂತು. ಜಿಕೆವಿಕೆಯ ಬೆಳೆ ಶರೀರಶಾಸ್ತ್ರ ವಿಭಾಗದಲ್ಲಿ ಎಂ. ಉದಯಕುಮಾರ್ ಮತ್ತಿತರರು ಬರಕ್ಕೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯ ಬೆನ್ನು ಹತ್ತಿದರು: ಕುಡಿದ ನೀರಿನ ಪ್ರತಿ ಹನಿಗೆ ಯಾವ ಗಿಡ ಹೆಚ್ಚು ಬೆಳೆಯುತ್ತದೆ? ದಪ್ಪನೆಯ ಎಲೆಯ ಗಿಡಗಳು ನೀರನ್ನು ಹೆಚ್ಚು ಮಿತವಾಗಿ ಬಳಸುತ್ತವೆ ಎಂಬ ತಿಳಿವಳಿಕೆ ಇಂಥ ಅಧ್ಯಯನಗಳಿಂದ ತಳಿ ಆಯ್ಕೆಗೆ ಒದಗಿತು. ಮಳೆ ಕೈಕೊಡುವ ಗೌರಿಬಿದನೂರು ಕಡೆಯ ಹೊಲಗಳಿಗೆ ರೋಗನಿರೋಧದಷ್ಟೇ ಈ ಗುಣವೂ ಬೇಕು. ಕೊನೆಯ ಹಂತದಲ್ಲಿ ತೇವ ಕಡಿಮೆಯಾದರೆ ಕಾಯಿ ಜೊಳ್ಳಾಗುವುದಷ್ಟೇ ಅಲ್ಲ, ಬೀಜಕ್ಕೆ ಅಫ್ಲಾಟಾಕ್ಸಿನ್ ಎಂಬ ವಿಷ ಬೆರೆಸುವ ಶಿಲೀಂಧ್ರವೂ ಸೇರಿಕೊಳ್ಳುತ್ತದೆ.

ಗಡಿಯಾಚೆಯ ಅನಂತಪುರ ಒಂದು ಕಾಲದಲ್ಲಿ ದೇಶದ ಅತಿ ದೊಡ್ಡ ಕಡಲೆಕಾಯಿ ಜಿಲ್ಲೆ. ಅಲ್ಲಿಯ ಕಷ್ಟಸುಖ ಇಲ್ಲಿಗೂ ತಟ್ಟುತ್ತದೆ. 2000ದ ಮುಂಗಾರಿನಲ್ಲಿ ಅಲ್ಲಿ ಗಿಡದ ಕುಡಿ, ಕಾಂಡ ಒಣಗಿಸುವ ನಂಜು ರೋಗ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹಬ್ಬಿ, ನಷ್ಟ 300 ಕೋಟಿ ರೂಪಾಯಿ ಮೀರಿತು. ತಂಬಾಕಿನ ಗೆರೆ ನಂಜು ಎನ್ನುವ ಈ ವೈರಾಣು ಪಾರ್ಥೇನಿಯಂ ಕಳೆಯ ಪರಾಗದಲ್ಲಿ ಇರುತ್ತದೆ. ಪರಾಗ ಹೊತ್ತ ಥ್ರಿಪ್ಸ್ ನುಸಿ ಕಡಲೆಕಾಯಿಯ ಎಲೆ ಕೆರೆದಾಗ ಗಿಡದೊಳಕ್ಕೆ ದಾಟುತ್ತದೆ. ಇದಕ್ಕೆ ಇನ್ನೂ ಜಿಪಿಬಿಡಿ-4ರಂಥ ಉತ್ತರ ಸಿಕ್ಕಿಲ್ಲ. ಬದುವಿನ ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳುವುದು, ಹೊಲದ ಸುತ್ತ ನಾಲ್ಕಾರು ಸಾಲು ಜೋಳ ಹಾಕುವುದೇ ಸದ್ಯದ ಉಪಾಯ. ಅದೇ ಸೀಮೆಯ ಕದಿರಿ ಕೇಂದ್ರದ ಕೆ-6 ತಳಿ ಗಡಿ ದಾಟಿ ನಮ್ಮ ಹೊಲಗಳಿಗೂ ಬಂದಿದೆ.

ತಳಿಗಳು ಇವೆ, ಗುಣವೂ ಇದೆ. ಆದರೂ ಹಳೆಯ ತಳಿ ಹೊಲ ಬಿಡದಿರುವುದಕ್ಕೆ ರೈತರ ಹಟಮಾರಿತನ ಕಾರಣ ಎನ್ನುವುದು ಅನ್ಯಾಯದ ಮಾತು. ಕಾರಣ ಬೀಜದ ಲೆಕ್ಕದಲ್ಲಿದೆ. ಒಂದು ಎಕರೆ ರಾಗಿಗೆ ನಾಲ್ಕೈದು ಕಿಲೋ ಬೀಜ ಸಾಕು. ಅಲ್ಲಿ ಬೆಳೆದದ್ದು ನೂರಾರು ಎಕರೆಗೆ ಬಿತ್ತನೆಯಾಗುತ್ತದೆ. ಒಂದು ಎಕರೆ ಕಡಲೆಕಾಯಿಗೆ 40–50 ಕಿಲೋ ಸುಲಿದ ಬೀಜ ಬೇಕು. ಆರು ಕ್ವಿಂಟಲ್ ಕಾಯಿ ಬಂದರೂ ಅದು ಎಂಟೊಂಬತ್ತು ಎಕರೆಗಷ್ಟೇ ಬೀಜ. ತಳಿ ಬಿಡುಗಡೆಯಾದ ವರ್ಷ ಕೈಯಲ್ಲಿರುವ ಕೆಲವು ಕ್ವಿಂಟಲ್ ಬೀಜ ಸಾವಿರಾರು ಎಕರೆಗೆ ಹಂಚುವಷ್ಟಾಗಲು ನಾಲ್ಕೈದು ಹಂಗಾಮು ಎಲ್ಲವೂ ಸರಿಯಾಗಿ ನಡೆಯಬೇಕು. ನಡುವೆ ಒಂದು ಬರ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ತೂಕದ ಬೀಜ, ಸಾಗಣೆ ಖರ್ಚು ಹೆಚ್ಚು, ಒಮ್ಮೆ ಕೊಂಡ ರೈತ ಮರುವರ್ಷ ತನ್ನದನ್ನೇ ಬಿತ್ತಬಹುದು. ಹೀಗಾಗಿ ಖಾಸಗಿ ಕಂಪನಿಗಳಿಗೂ ಇದರಲ್ಲಿ ಆಸಕ್ತಿ ಇಲ್ಲ. ಬಿತ್ತನೆ ಹೊತ್ತಿಗೆ ಮಂಡಿಯಲ್ಲಿ ಸಿಕ್ಕ ಬೆರಕೆ ಬೀಜವೇ ಗತಿಯಾಗುತ್ತದೆ.

ಈ ತೊಡಕಿನ ಪರಿಹಾರ ದೊಡ್ಡ ಯೋಜನೆಗಳಿಗಿಂತ ಹೆಚ್ಚಾಗಿ ಹತ್ತು ಗುಂಟೆ ಜಾಗದಲ್ಲಿದೆ. ಹತ್ತು ಗುಂಟೆಗೆ ಬೇಕಾದ್ದು 10–12 ಕಿಲೋ ಬೀಜ. ಅಷ್ಟನ್ನು ನಂಬಿಕೆಯ ಕಡೆಯಿಂದ ತಂದು, ಬೆರಕೆ ಗಿಡ ಕಂಡಲ್ಲಿ ಕಿತ್ತು, ಸೂಜಿ ನೆಲಕ್ಕಿಳಿಯುವ ಹೊತ್ತಿಗೆ ಎಕರೆಗೆ 200 ಕಿಲೋ ಲೆಕ್ಕದಲ್ಲಿ ಜಿಪ್ಸಂ ಕೊಟ್ಟು ಬೆಳೆದರೆ ಒಂದೂವರೆ ಕ್ವಿಂಟಲ್‌ನಷ್ಟು ಕಾಯಿ ನಿರೀಕ್ಷಿಸಬಹುದು. ಅದು ಮುಂದಿನ ವರ್ಷ ಎರಡು ಎಕರೆಗೆ ಸಾಕಾಗುತ್ತದೆ. ಬೀಜವನ್ನು ಕಾಯಿಯಾಗಿಯೇ ಚೆನ್ನಾಗಿ ಒಣಗಿಸಿ ಇಡಬೇಕು. ಸುಲಿದಿಟ್ಟ ಬೀಜದ ಮೊಳಕೆ ಶಕ್ತಿ ಬೇಗ ಕುಂದುವುದರಿಂದ ಸುಲಿಯುವ ಕೆಲಸ ಬಿತ್ತನೆಗೆ ವಾರವಿರುವಾಗ, ಕೈಯಿಂದಲೇ ಆಗಬೇಕು. ಯಾವ ತಳಿ ತಮ್ಮ ಹೊಲಕ್ಕೆ ಹೊಂದುತ್ತದೆ, ಬೀಜ ಎಲ್ಲಿ ಸಿಗುತ್ತದೆ ಎಂಬುದನ್ನು ಚಿಂತಾಮಣಿ ಬಳಿ ಕುರುಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಮುಂಗಾರು ಹಿಡಿದ ಮೇಲೆ ಬೀಜ ಹುಡುಕಲು ಹೊರಟರೆ ಮಂಡಿಯ ಬೀಜವೇ ಸಿಗುವುದು. ಏಪ್ರಿಲ್, ಮೇ ತಿಂಗಳಲ್ಲೇ ವಿಚಾರಿಸಿ ಹೆಸರು ಬರೆಸಿಡಬೇಕು.